ಶ್ರುತಿ ಮಾಡುವಾಗಿನ ಮಾತು

ಜೀರುಂಡೆಯ ಪಿಟೀಲಿಗೆ ನಾಲ್ಕು ತಂತಿ, ನಾಲ್ಕು ಬಿರಡೆ. ಮೂರು ಬಿರಡೆಗಳು ಹೇಳಿದ ಮಾತು ಕೇಳುವಂಥವು. ಎಲ್ಲಕ್ಕಿಂತ ದಪ್ಪ ತಂತಿಯನ್ನು ಹಿಡಿದಿರುವ ನಾಲ್ಕನೆಯದು ಮಾತ್ರ ಮಹಾ ಹಠಮಾರಿ. ಅದರ ತೂತು ಸವೆದುಹೋಗಿದೆ. ತಿರುಗಿಸಿ ಕೈಬಿಟ್ಟರೆ ಜಾರುತ್ತದೆ, ಒತ್ತಿ ತಿರುಗಿಸಿದರೆ ಕಚ್ಚಿಕೊಂಡು ಕೂರುತ್ತದೆ. ಅದಕ್ಕೆಂದೇ ಅವಳ ಜೇಬಿನಲ್ಲಿ ಸದಾ ಒಂದು ಸೀಮೆಸುಣ್ಣದ ತುಂಡು ಇರುತ್ತದೆ. ಬಿರಡೆಯನ್ನು ಹೊರಗೆಳೆದು, ಸೀಮೆಸುಣ್ಣ ಸವರಿ, ಮತ್ತೆ ಸಿಕ್ಕಿಸಿ, ತಂತಿಯನ್ನು ಬೇಕಾದಷ್ಟು ಇಳಿಸಿ, ಕಿವಿಗೆ ಹತ್ತಿರ ತಂದು ಮೀಟಿ ನೋಡುವಷ್ಟರಲ್ಲಿ ಎರಡೂವರೆ ನಿಮಿಷ ಕಳೆಯುತ್ತದೆ. ಈ ಕತೆಯ ತಾಪತ್ರಯವೆಲ್ಲ ಹುಟ್ಟಿದ್ದು ಆ ಎರಡೂವರೆ ನಿಮಿಷದಲ್ಲಿ.

ಜೀರುಂಡೆ ಎಂಬುದು ಅವಳಿಗೆ ಅಕ್ಕ ಇಟ್ಟ ಹೆಸರು. ಒಂಬತ್ತು ವರ್ಷದ ಹುಡುಗಿ ಮೊದಲ ಸಲ ತಂತಿಯ ಮೇಲೆ ಕಮಾನು ಎಳೆದಾಗ ಹೊರಟ ಸದ್ದಿಗೆ ಅಕ್ಕ ಕಿವಿ ಮುಚ್ಚಿಕೊಂಡು, "ಅಯ್ಯೋ ಜೀರುಂಡೆ, ಸಾಕು ನಿಲ್ಲಿಸೇ!" ಅಂದಿದ್ದಳು. ಹೆಸರು ಅಂಟಿಕೊಂಡಿತು. ಮುಂದೆ ಮೊದಲ ಪೋಸ್ಟರ್ ಬರೆಯುವಾಗ ಏನು ಹೆಸರು ಹಾಕಲಿ ಎಂದು ಯೋಚಿಸಿ ಯೋಚಿಸಿ, ಕೊನೆಗೆ ಅದನ್ನೇ ಬರೆದಳು. ಈಗ ಅವಳಿಗೆ ಮೂವತ್ತೈದು. ಬ್ಯಾಂಕಿನವರೂ ಅಂಚೆಯವಳೂ ಬಿಟ್ಟರೆ ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿಲ್ಲ.

ಅವಳಿಗೆ ಕಂಪನಿಯಿಲ್ಲ, ಮ್ಯಾನೇಜರಿಲ್ಲ. ಹಾಡು ಬರೆಯುವವಳೂ ಅವಳೇ, ಹಾಡುವವಳೂ ಅವಳೇ, ಕಾರ್ಯಕ್ರಮಕ್ಕೆ ಫೋನಿನಲ್ಲಿ ದಿನ ಗೊತ್ತು ಮಾಡುವವಳೂ ಅವಳೇ, ಗೋಡೆಗೆ ಪೋಸ್ಟರ್ ಅಂಟಿಸಿ ಕೈಯೆಲ್ಲ ಗೋಂದು ಮಾಡಿಕೊಳ್ಳುವವಳೂ ಅವಳೇ. ಹದಿನೆಂಟನೇ ವಯಸ್ಸಿನಲ್ಲಿ ರೈಲು ನಿಲ್ದಾಣದ ಮೆಟ್ಟಿಲ ಮೇಲೆ ಶುರು ಮಾಡಿದಳು. ಆಮೇಲೆ ಟೀ ಅಂಗಡಿಗಳ ಮೂಲೆ, ಆಮೇಲೆ ಯಾರ್ಯಾರದೋ ಮದುವೆಗಳು. ಅಲ್ಲಿ ಜನ ಮೊದಲ ಸಾಲು ಕೇಳಿ ತಿರುಗಿ ಊಟಕ್ಕೆ ಹೋಗಿಬಿಡುತ್ತಿದ್ದರು. ಪಿಟೀಲನ್ನು ಗದ್ದದ ಕೆಳಗೆ ಒತ್ತಿದರೆ ಗಂಟಲು ಬಿಡುವುದಿಲ್ಲ. ಹಾಗಾಗಿ ಎದೆಗೆ ಆನಿಸಿಕೊಂಡು, ಮಗುವಿಗೆ ಹಾಲು ಕುಡಿಸುವವರ ಹಾಗೆ ಓರೆಯಾಗಿ ಹಿಡಿದು ನುಡಿಸುವುದನ್ನು ತಾನೇ ರೂಢಿಸಿಕೊಂಡಳು. ಓದಿ ಕಲಿತ ಪಿಟೀಲಿನವರು ಮೂಗು ಮುರಿದರು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಹದಿನೇಳು ವರ್ಷ ಬಸ್ಸಿನ ಕಿಟಕಿ ಪಕ್ಕ ಕೂತು, ತೊಡೆಯ ಮೇಲೆ ಪಿಟೀಲಿನ ಪೆಟ್ಟಿಗೆ ಇಟ್ಟುಕೊಂಡು, ಕಂಡ ಕಂಡ ಊರಿಗೆಲ್ಲ ಹೋಗಿ ಬಂದಳು. ಈಗ ಇನ್ನೂರು ಮುನ್ನೂರು ಜನ ಅವಳಿಗಾಗಿಯೇ ಬಂದು ಕೂರುತ್ತಾರೆ, ಊಟವಿಲ್ಲದಿದ್ದರೂ ಕೂರುತ್ತಾರೆ.

ಅವರು ಬರುವುದು ಮುಖ್ಯವಾಗಿ ಒಂದು ಹಾಡಿಗೆ. ಎಲ್ಲರೂ ಅದನ್ನು 'ಬಾಗಿಲ ಹಾಡು' ಅನ್ನುತ್ತಾರೆ.

*ಬಾಗಿಲಿಗೆ ಬಿಸಿಲು ಬಂತು, ಬಂದ ಬಿಸಿಲು ಹೋಯಿತು,*
*ಬರುವೆನೆಂದು ಹೇಳಿದವರ ದಾರಿ ಎಲ್ಲಿ ತಪ್ಪಿತು?*
*ತುದಿಗಾಲಲಿ ನಿಂತೆ ನಾನು, ಚಿಲಕ ಕೈಗೆ ಎಟುಕದು…*

ಈ ಹಾಡಿಗೆ ದಪ್ಪ ತಂತಿಯ ಶ್ರುತಿ ಇಳಿಸಬೇಕು. ಆಗ ಅದು ದನಿಯ ಕೆಳಗೆ ಗುಂಯ್ ಎನ್ನುತ್ತ ಉದ್ದಕ್ಕೂ ಜೊತೆಗೆ ಬರುತ್ತದೆ. ಶ್ರುತಿ ಇಳಿಸಲು ಎರಡೂವರೆ ನಿಮಿಷ. ವೇದಿಕೆಯ ಮೇಲೆ ಎರಡೂವರೆ ನಿಮಿಷ ಸುಮ್ಮನೆ ನಿಂತು ನೋಡಿ, ಎಷ್ಟು ಉದ್ದ ಅಂತ ಗೊತ್ತಾಗುತ್ತದೆ. ಜನ ಕೆಮ್ಮುತ್ತಾರೆ, ಫೋನು ತೆಗೆಯುತ್ತಾರೆ. ಅದಕ್ಕೆ ಅವಳು ಬಿರಡೆ ತಿರುಗಿಸುತ್ತಲೇ ಏನಾದರೂ ಮಾತಾಡುತ್ತಿದ್ದಳು.

ಮೊದಲ ವರ್ಷ ಹೇಳಿದ್ದು ಇಷ್ಟೇ: "ಇದು ನಮ್ಮಕ್ಕನ ಹಾಡು. ಅವಳನ್ನ ಮದುವೆ ಆಗ್ತೀನಿ ಅಂತ ಹೇಳಿದವನು ಒಂದು ದಿನ ಹೋದವನು ಬರಲೇ ಇಲ್ಲ." ಮುಂದಿನ ಸಾಲಿನಲ್ಲಿ ಯಾರೋ "ಅಯ್ಯೋ" ಅಂದರು. ಆ ಅಯ್ಯೋ ಅವಳ ಕಿವಿಗೆ ಹಿತವಾಯಿತು. ಎರಡನೇ ವರ್ಷ ಅಕ್ಕ ಬಾಗಿಲಲ್ಲಿ ನಿಂತಳು. ಮೂರನೇ ವರ್ಷ ಬಾಗಿಲಿಗೆ ಚಿಲಕ ಹಾಕುವುದನ್ನೇ ಬಿಟ್ಟಳು. ಐದನೇ ವರ್ಷಕ್ಕೆ ಊಟದ ಮೇಜಿನ ಮೇಲೆ ಅವನಿಗಾಗಿ ಒಂದು ತಟ್ಟೆ ಹೆಚ್ಚಿಗೆ ಬಂತು. ಎಂಟನೆಯ ವರ್ಷದ ಹೊತ್ತಿಗೆ ಅಕ್ಕ ದಿನಾ ಸಂಜೆ ಆರಕ್ಕೆ, ಕೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ಬೀದಿ ನೋಡುತ್ತ ನಿಲ್ಲುತ್ತಿದ್ದಳು, ಒಳಗೆ ಯಾರದೋ ಅಂಗಿ ಸುಟ್ಟು ಹೊಗೆಯಾಡುತ್ತಿತ್ತು. "ಇವತ್ತಿಗೂ," ಅನ್ನುತ್ತಿದ್ದಳು ಜೀರುಂಡೆ, ತಂತಿ ಮೀಟಿ, "ಇವತ್ತಿಗೂ ನಿಂತಿರ್ತಾಳೆ." ಸಭೆಯೆಲ್ಲ ಮೂಗು ಒರೆಸಿಕೊಳ್ಳುತ್ತಿತ್ತು.

ಅವಳನ್ನು ಸುಳ್ಳುಗಾತಿ ಅನ್ನಲು ಮನಸ್ಸು ಬರುವುದಿಲ್ಲ. ಒಂದೇ ಸಲ ಅಷ್ಟನ್ನೂ ಹೇಳು ಅಂದಿದ್ದರೆ ಅವಳೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಆದರೆ ವರ್ಷಕ್ಕೆ ಒಂದು ಚಿಟಿಕೆ ಉಪ್ಪು, ಒಂದು ಚಿಟಿಕೆ ಖಾರ ಹಾಕುತ್ತ ಹೋದರೆ ಹಾಕಿದವರಿಗೇ ಲೆಕ್ಕ ಸಿಗುವುದಿಲ್ಲ.

ಹನ್ನೊಂದು ದಿನದ ತಿರುಗಾಟ ಮುಗಿಸಿ ಒಂದು ಮಧ್ಯಾಹ್ನ ಅವಳು ಮನೆಗೆ ಬಂದಳು. ಮನೆ ಅಂದರೆ ಅಕ್ಕನ ಬಟ್ಟೆ ಒಗೆಯುವ, ಇಸ್ತ್ರಿ ಮಾಡುವ ಅಂಗಡಿ ಮತ್ತು ಅದರ ಮೇಲಿನ ಎರಡು ಕೋಣೆ. ತಾಯಿ ತೀರಿಕೊಂಡಾಗ ಅಕ್ಕನಿಗೆ ಹತ್ತೊಂಬತ್ತು, ತಂಗಿಗೆ ಏಳು. ಅಂಗಡಿಯೂ ತಂಗಿಯೂ ಒಂದೇ ದಿನ ಅಕ್ಕನ ಕೈಗೆ ಬಂದವು, ಎರಡನ್ನೂ ಅವಳು ಬಿಡಲಿಲ್ಲ. ಈಗ ನಲವತ್ತೇಳರ ಅಕ್ಕ ಐದೂವರೆ ಅಡಿಗೂ ಮಿಕ್ಕಿ ಎತ್ತರ, ಮುಂಗೈ ತುಂಬ ಹಳೆಯ ಸುಟ್ಟ ಗೆರೆಗಳು. ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುತ್ತಾಳೆ, ಒಂದೂ ಬೀಳುವುದಿಲ್ಲ.

ಬಿಸಿ ಬಟ್ಟೆಯ, ಗಂಜಿಯ ವಾಸನೆ ಮೂಗಿಗೆ ಬಂದೊಡನೆ ಜೀರುಂಡೆಗೆ ಹಾಯೆನಿಸಿತು. ಪಿಟೀಲಿನ ಪೆಟ್ಟಿಗೆಯನ್ನು ಕೋಟುಗಳ ಪಕ್ಕದ ಮೊಳೆಗೆ ನೇತುಹಾಕಿದಳು. ಕಟ್ಟೆಯ ಮೇಲೆ ಒಂದು ಗಂಟು ಕಂಡಿತು. ಏಳು ಅಂಗಿ, ಮೇಲೆ ಚೀಟಿ. ಎದುರು ಅಂಗಡಿಯ ಗಡಿಯಾರದವರ ಅಂಗಿಗಳು.

ಗಡಿಯಾರ ರಿಪೇರಿ ಮಾಡುವ ಅವರಿಗೆ ಐವತ್ತೆರಡೋ ಐವತ್ಮೂರೋ. ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು. ಎರಡು ವರ್ಷದಿಂದ ಅವರು ದಿನಕ್ಕೆ ಒಂದೇ ಅಂಗಿ ತರುತ್ತಿದ್ದರು. ವಾರಕ್ಕೆ ಏಳು ಅಂಗಿ, ಏಳು ಸಲ. ಅಕ್ಕ ಒಮ್ಮೆ, "ಎಲ್ಲಾ ಒಟ್ಟಿಗೆ ತನ್ನಿ, ಓಡಾಟ ತಪ್ಪುತ್ತೆ," ಅಂದಿದ್ದಕ್ಕೆ, "ನಡೆದಾಡೋದು ಒಳ್ಳೇದು ಅಂತ ಡಾಕ್ಟರು ಹೇಳಿದ್ದಾರೆ," ಅಂದಿದ್ದರು. ಎರಡು ಅಂಗಡಿಗಳ ನಡುವೆ ಇರುವುದು ಹನ್ನೆರಡು ಹೆಜ್ಜೆ. ಅಂಗಿ ಇಸ್ತ್ರಿಯಾಗುವವರೆಗೂ ಮೂಲೆಯ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಹೋದ ತಿಂಗಳು, ಒಂದು ಕಾಲರು ಮುಗಿದು ಇನ್ನೊಂದು ತೋಳು ಶುರುವಾಗುವ ಮಧ್ಯೆ, "ರಿಜಿಸ್ಟ್ರಾರ್ ಕಚೇರಿಗೆ ಒಂದಿನ ಹೋಗಿ ಬರೋಣವಾ?" ಎಂದು ಕೇಳಿದ್ದರು. ಅಕ್ಕ "ನೋಡೋಣ" ಅಂದಿದ್ದಳು. ಅಕ್ಕನ ಬಾಯಲ್ಲಿ ನೋಡೋಣ ಅಂದರೆ ಒಪ್ಪಿಗೆ ಎಂದು ತಂಗಿಗೆ ಗೊತ್ತಿತ್ತು. ಆ ಸುದ್ದಿ ಕೇಳಿ ಅವಳು ಫೋನಿನಲ್ಲೇ ಕುಣಿದಿದ್ದಳು.

"ಏನಕ್ಕಾ, ಏಳೂ ಒಟ್ಟಿಗೆ ಬಂದಿವೆ? ನಿನ್ನ ಗಡಿಯಾರದವರಿಗೆ ಕಾಲು ನೋವಾ?" ಅಂದಳು.

ಅಕ್ಕ ತುಟಿಯಿಂದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಅದು ಒಳ್ಳೆಯ ಲಕ್ಷಣವಲ್ಲ. ಆಮೇಲೆ ಫೋನನ್ನು ಕಟ್ಟೆಯ ಮೇಲಿಟ್ಟು ಒತ್ತಿದಳು. ಜೀರುಂಡೆಯ ಕಿವಿಗೆ ಅವಳದೇ ದನಿ ಬಿತ್ತು. ಹೆಚ್ಚಿಗೆ ಇಟ್ಟ ತಟ್ಟೆ, ಸುಟ್ಟ ಅಂಗಿ, ಸಂಜೆ ಆರು ಗಂಟೆ. "ಇವತ್ತಿಗೂ ನಿಂತಿರ್ತಾಳೆ." ಯಾರೋ ವೇದಿಕೆಯ ಮಾತನ್ನು ಚಿತ್ರೀಕರಿಸಿ ಹರಿಯಬಿಟ್ಟಿದ್ದರು. ಊರಿಗೂರೇ ನೋಡಿತ್ತು.

"ಮೊನ್ನೆ ಗಿರಾಕಿ ಒಬ್ಬಳು ಕೋಟು ತಗೊಂಡು ಹೋಗೋಕೆ ಬಂದಳು," ಅಂದಳು ಅಕ್ಕ. "ನನ್ನ ಕೈ ಹಿಡ್ಕೊಂಡು ಅತ್ತೇಬಿಟ್ಟಳು. ಕೋಟಿನ ಗುಂಡಿ ಕಳೆದುಹೋಗಿದೆ ಅಂತ ಅಳ್ತಿದಾಳೆ ಅಂದ್ಕೊಂಡು ನಾನು ಡಬ್ಬಿಯೆಲ್ಲಾ ಹುಡುಕಿದೆ ಕಣೇ."

ಜೀರುಂಡೆಗೆ ನಗು ಬಂದು ಅರ್ಧಕ್ಕೇ ನಿಂತಿತು. "ಗಡಿಯಾರದವರೂ ನೋಡಿದ್ರಾ?"

"ನೋಡಿದ್ರು. ಬಂದು, 'ನೀವು ಇನ್ನೊಬ್ಬರಿಗೆ ಕಾಯ್ತಿದೀರ ಅಂತ ಗೊತ್ತಿರಲಿಲ್ಲ, ಸುಮ್ಮನೆ ತೊಂದರೆ ಕೊಟ್ಟೆ' ಅಂದ್ರು. ಅಂಗಿ ತಗೊಂಡು ಹೋದ್ರು. ಶನಿವಾರ ಈ ಗಂಟು ಬಂತು."

"ಅದೆಲ್ಲ ಸುಳ್ಳು ಅಂತ ಹೇಳಬೇಕಿತ್ತಲ್ವಾ ಅಕ್ಕಾ!"

"ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅವರೇ, 'ಒಡಹುಟ್ಟಿದ ತಂಗಿ ಅಕ್ಕನ ವಿಷಯದಲ್ಲಿ ಸುಳ್ಳು ಹೇಳ್ತಾಳಾ?' ಅಂದ್ರು. ನಾನೇನು ಹೇಳಲಿ? ಹೌದ್ರೀ, ನಮ್ಮ ತಂಗಿ ಸುಳ್ಳಿ ಅಂತಲಾ?" ಅಕ್ಕ ಇಸ್ತ್ರಿಪೆಟ್ಟಿಗೆ ಎತ್ತಿ ಮತ್ತೆ ಇಟ್ಟಳು. "ಮದುವೆ ಆಗ್ತೀನಿ ಅಂದಿದ್ದ ಆ ಬ್ಯಾಂಡಿನವನು ಹೋದಾಗ ಮೂರು ದಿನ ಅತ್ತೆ, ನಿಜ. ನಾಲ್ಕನೇ ದಿನ ಅರವತ್ತು ಅಂಗಿ ಬಂದು ಬಿದ್ದಿದ್ವು. ಅಲ್ಲಿಗೆ ಮುಗೀತು. ಈಗ ಅವನು ಎದುರಿಗೆ ಬಂದ್ರೆ ಗುರುತು ಸಿಗುತ್ತೋ ಇಲ್ವೋ. ಹಾಡು ಬೇಕಾದ್ರೆ ಹಾಡ್ಕೋ, ಚೆನ್ನಾಗಿದೆ. ನನ್ನನ್ನ ಆ ಬಾಗಿಲಿಂದ ಒಳಗೆ ಕರ್ಕೋ ತಾಯಿ. ಕಾಲು ನೋಯ್ತಿದೆ."

ತನಗೆ ಬಂದ ಮದುವೆ ಹೋದರೂ ಪರವಾಗಿಲ್ಲ, ತಂಗಿಯ ಮಾನ ಹೋಗಬಾರದು ಅಂದುಕೊಂಡು ಅಕ್ಕ ಬಾಯಿ ಮುಚ್ಚಿಕೊಂಡಿದ್ದಳು. ಅದು ತಲೆಗೆ ಹೋದಾಗ ಜೀರುಂಡೆಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಚಪ್ಪಲಿ ಮೆಟ್ಟಿಕೊಂಡು ಹನ್ನೆರಡು ಹೆಜ್ಜೆ ದಾಟಿದಳು.

ಗಡಿಯಾರದವರು ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಒಂದು ಕೈಗಡಿಯಾರದ ಹೊಟ್ಟೆಯೊಳಗೆ ಇಕ್ಕುಳ ಆಡಿಸುತ್ತಿದ್ದರು. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. ತಟ್ಟೆ ಸುಳ್ಳು, ಸಂಜೆ ಆರು ಗಂಟೆ ಸುಳ್ಳು, ಸುಟ್ಟ ಅಂಗಿ ಸುಳ್ಳು. ಅವರು ಮಸೂರ ತೆಗೆದು ಕೇಳಿಸಿಕೊಂಡರು. ಕೋಪವಿರಲಿಲ್ಲ, ಅದೇ ಕಷ್ಟವಾಗಿದ್ದು.

"ನಿಮ್ಮ ಮಾತು ನಂಬಬೇಕು ಅಂತ ನನಗೂ ಆಸೆ ಇದೆಯಮ್ಮ," ಅಂದರು. "ಆದರೆ ಅವತ್ತಿನ ಮಾತೂ ನಿಮ್ಮದೇ, ಅದನ್ನೂ ನಂಬಿದ್ದೆ. ಅಕ್ಕ ಬೈದಳು ಅಂತ ಇವತ್ತು ಬೇರೆ ಹೇಳ್ತಿದೀರೋ ಏನೋ. ಯಾವುದು ಸರಿಯಾದ ಸಮಯ ಅಂತ ನಾನು ಹೇಗೆ ತಿಳ್ಕೊಳ್ಳಲಿ?"

ಅವರೇ ಮುಂದುವರಿಸಿದರು. "ಆ ಹಾಡನ್ನ ಹದಿನೈದು ಸಲ ಕೇಳಿದೀನಿ. ಸುಳ್ಳಿನ ಹಾಡು ಅಲ್ಲ ಅದು. ಯಾರೋ ನಿಜವಾಗಿ ನಿಂತು ಕಾದಿದಾರೆ. ಆದರೆ ಚಕ್ರದ ಒಂದು ಹಲ್ಲು ಕೂಡ್ತಿಲ್ಲ. ತುದಿಗಾಲಲ್ಲಿ ನಿಂತರೂ ಚಿಲಕ ಎಟುಕಲ್ಲ ಅಂತ ಬರುತ್ತಲ್ಲ? ಆ ಬಾಗಿಲು ನಾನು ದಿನಾ ಇಲ್ಲಿಂದ ನೋಡ್ತೀನಿ. ಚಿಲಕ ನಿಮ್ಮಕ್ಕನ ನೆತ್ತಿ ಮಟ್ಟಕ್ಕೆ ಇದೆ." ಹೀಗೆ ಹೇಳಿ ಮಸೂರವನ್ನು ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡರು. "ಹಾಡಲ್ವಾ, ಹಾಗೆಲ್ಲ ಇರುತ್ತೇನೋ ಅಂತ ಸುಮ್ಮನಾದೆ."

ಜೀರುಂಡೆ ಬೀದಿ ದಾಟಿ ವಾಪಸು ಬಂದವಳು ಮೇಲಿನ ಕೋಣೆಗಳಿಗೆ ಹೋಗುವ ಆ ಬಾಗಿಲ ಮುಂದೆ ನಿಂತುಬಿಟ್ಟಳು. ಚಿಲಕ ಈಗ ಅವಳ ತಲೆಗಿಂತ ತುಸು ಮೇಲಿತ್ತು. ಒಂಬತ್ತು ವರ್ಷದವಳಾಗಿದ್ದಾಗ ಅದು ಎಷ್ಟು ಎತ್ತರದಲ್ಲಿತ್ತೆಂದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಬ್ಯಾಂಡಿನವನು ಮದುವೆ ಮನೆಗಳಲ್ಲಿ ಪಿಟೀಲು ನುಡಿಸುತ್ತಿದ್ದವನು. ನಗಿಸುತ್ತಿದ್ದ, ಜಂಬ ಕೊಚ್ಚುತ್ತಿದ್ದ. ಮದುವೆಗೆ ಮುಂಚೆಯೇ ಅವನನ್ನು ಅವಳು ಭಾವ ಎಂದು ಕರೆಯುತ್ತಿದ್ದಳು. ತನ್ನ ಹಳೆಯ, ಬಿರುಕು ಬಿಟ್ಟ ಪಿಟೀಲನ್ನು ಅವಳ ಕೈಗೆ ಕೊಟ್ಟವನು ಅವನೇ, ನಾಲ್ಕನೆಯ ಬಿರಡೆಯನ್ನು ಚಾಕುವಿನಿಂದ ಕೆತ್ತಿ ಕೂರಿಸಿದವನೂ ಅವನೇ. ತಂತಿ ಎರಡು ತುಂಡಾಗಿದ್ದವು. "ಮುಂದಿನ ಸಲ ಬರುವಾಗ ಹೊಸಾ ತಂತಿ ತರ್ತೀನಿ, ಬಾಗಿಲಲ್ಲಿ ಕಾಯ್ತಿರು," ಅಂದಿದ್ದ. ಅವನು ಬರಲಿಲ್ಲ. ಒಳಗೆ ಅಕ್ಕ ದಿಂಬಿಗೆ ಮುಖ ಒತ್ತಿ ಅಳುತ್ತಿದ್ದಾಗ, ಹೊರಗೆ ತಂಗಿ ಬಾಗಿಲಲ್ಲಿ ನಿಂತು ತಂತಿಗೆ ಕಾಯುತ್ತಿದ್ದಳು. ಅಕ್ಕ ಅಳು ನಿಲ್ಲಿಸಿ ಕೆಲಸಕ್ಕೆ ಇಳಿದ ಮೇಲೂ ಕಾದಳು. ಶಾಲೆಯ ರಜೆ ಪೂರ್ತಿ ಕಾದಳು. ಅಕ್ಕನಿಗೆ ಕೈಕೊಟ್ಟು ಹೋದವನಿಗೆ ತಾನು ಕಾಯುತ್ತಿದ್ದೇನೆ ಎಂಬುದು ಆ ವಯಸ್ಸಿಗೂ ನಾಚಿಕೆಗೇಡು ಅನ್ನಿಸಿತ್ತು, ಯಾರಿಗೂ ತುಟಿ ಪಿಟಕ್ಕೆನ್ನಲಿಲ್ಲ. ಕೊನೆಗೆ ತಂತಿ ತಂದುಕೊಟ್ಟವಳು ಅಕ್ಕನೇ, ಅದೂ ಗೊತ್ತಿಲ್ಲದೆ ಗಿಟಾರಿನ ತಂತಿ. ಒಂದು ವರ್ಷ ಅವಳು ಅದರಲ್ಲೇ ಕೊಯ್ದಳು.

ಎಷ್ಟೋ ವರ್ಷದ ಮೇಲೆ ಅದು ಹಾಡಾಗಿ ಬಂತು. ಬಂದಾಗ, ಇದು ನನ್ನದು ಅನ್ನಲು ಬಾಯಿ ಬರಲಿಲ್ಲ. ಅಕ್ಕನದು ಅಂದಳು. ಬಿರಡೆ ಬದಲಾಯಿಸಿಕೋ ಎಂದು ಯಾರಾದರೂ ಅಂದರೆ, ಹಳೇ ಮರ, ಸದ್ದು ಕೆಡುತ್ತೆ ಅನ್ನುತ್ತಿದ್ದಳು. ಅದೂ ಸುಳ್ಳೇ.

ಆ ತಿಂಗಳ ಕೊನೆಯ ಭಾನುವಾರ ಅವರದೇ ಊರಿನ ದೊಡ್ಡ ಸಭಾಂಗಣದಲ್ಲಿ ಅವಳ ಕಾರ್ಯಕ್ರಮ. ನಾನೂರು ಕುರ್ಚಿ, ಮಧ್ಯಾಹ್ನ ನಾಲ್ಕಕ್ಕೆ. ಹದಿನೇಳು ವರ್ಷದಲ್ಲಿ ಅಷ್ಟು ದೊಡ್ಡ ವೇದಿಕೆ ಸಿಕ್ಕಿರಲಿಲ್ಲ. ಇಲ್ಲಿ ಗೆದ್ದರೆ ಮುಂದಿನ ವರ್ಷವೆಲ್ಲ ಇಂಥವೇ, ಇಲ್ಲವಾದರೆ ಮತ್ತೆ ಟೀ ಅಂಗಡಿಯ ಮೂಲೆ. ಸಂಘಟಕರು ಮೈಕು ಪರೀಕ್ಷಿಸುವಾಗಲೇ ಬಂದು, "ಕೊನೇ ಹಾಡಿಗೆ ಮುಂಚೆ ಅಕ್ಕನ ಕತೆ ಇದೆಯಲ್ಲ, ಅದು ಸ್ವಲ್ಪ ಉದ್ದಕ್ಕೇ ಇರಲಿ. ಅರ್ಧ ಜನ ಅದನ್ನ ಕೇಳೋಕೇ ಬರ್ತಿದಾರೆ," ಅಂದರು.

ಅಕ್ಕ ಬಂದಿದ್ದಳು. ಅಂಗಡಿ ಮುಚ್ಚಿ ತಂಗಿಯ ಕಾರ್ಯಕ್ರಮಕ್ಕೆ ಬಂದದ್ದು ಅದೇ ಮೊದಲು, "ಕತೆ ಇಲ್ಲ ಅಂದ್ರೆ ಬರ್ತೀನಿ" ಎಂಬ ಷರತ್ತಿನ ಮೇಲೆ. ಮೂರನೇ ಸಾಲಿನಲ್ಲಿ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು, ಅಕ್ಕಪಕ್ಕದವರ ಅಂಗಿಯ ಇಸ್ತ್ರಿ ನೋಡುತ್ತ ಕೂತಿದ್ದಳು. ಗಡಿಯಾರದವರ ಕಟ್ಟೆಯ ಮೇಲೂ ಜೀರುಂಡೆ ಒಂದು ಟಿಕೆಟು ಇಟ್ಟು ಬಂದಿದ್ದಳು. ಅವರು ತಲೆಯಾಡಿಸಿದ್ದರು, ಬರುತ್ತೇನೆ ಅಂದಿರಲಿಲ್ಲ. ದೀಪಗಳು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಹಿಂದಿನ ಸಾಲುಗಳು ಅವಳಿಗೆ ಕಾಣಿಸಲೇ ಇಲ್ಲ.

ಹತ್ತು ಹಾಡು ಮುಗಿದವು. ಅವಳು ಜೇಬಿನಿಂದ ಸೀಮೆಸುಣ್ಣ ತೆಗೆದಾಗ ಸಭೆ ತಾನಾಗಿಯೇ ಸುಮ್ಮನಾಯಿತು. ಕತೆ ಬರುತ್ತದೆಂದು ಅವರಿಗೆ ಗೊತ್ತಿತ್ತು. ಮೂರನೇ ಸಾಲಿನಲ್ಲಿ ಅಕ್ಕನ ಹುಬ್ಬು ಮೇಲೇರಿತು.

ಸುಮ್ಮನೆ ಶ್ರುತಿ ಮಾಡಿ ಹಾಡಿಬಿಟ್ಟರೆ ಅಕ್ಕನಿಗೆ ಕೊಟ್ಟ ಮಾತು ಉಳಿಯುತ್ತಿತ್ತು. ಆದರೆ ಅಂಗಿಗಳು ಮಾತ್ರ ಗಂಟಿನಲ್ಲೇ ಬರುತ್ತಿದ್ದವು. ಅವಳು ಬಿರಡೆಯನ್ನು ಹೊರಗೆಳೆದು ಸುಣ್ಣ ಸವರಿದಳು.

"ಇದು ನಮ್ಮಕ್ಕನ ಹಾಡು ಅಂತ ಎಂಟು ವರ್ಷದಿಂದ ಹೇಳ್ತಾ ಬಂದಿದೀನಿ," ಅಂದಳು. "ಸುಳ್ಳು ಹೇಳಿದೀನಿ."

ಜನ ನಕ್ಕರು. ಹೊಸ ತಮಾಷೆ ಅಂದುಕೊಂಡರು.

"ನಮ್ಮಕ್ಕ ಯಾರಿಗೂ ಕಾಯಲಿಲ್ಲ. ಹೆಚ್ಚಿಗೆ ತಟ್ಟೆ ಇಡಲಿಲ್ಲ. ಅವಳ ಕೈಯಲ್ಲಿ ಇವತ್ತಿನವರೆಗೆ ಒಂದು ಅಂಗಿ ಸುಟ್ಟಿಲ್ಲ. ಮೂರು ದಿನ ಅತ್ತಳು, ನಾಲ್ಕನೇ ದಿನ ಅಂಗಡಿ ತೆಗೆದಳು, ನನ್ನನ್ನ ಸಾಕಿದಳು. ಬಾಗಿಲಲ್ಲಿ ನಿಂತವಳು ನಾನು. ನನಗೆ ಒಂಬತ್ತು ವರ್ಷ, ಚಿಲಕ ಎಟುಕ್ತಿರಲಿಲ್ಲ. ಅವನನ್ನ ಭಾವ ಅಂತಿದ್ದೆ. ಪಿಟೀಲಿಗೆ ಹೊಸಾ ತಂತಿ ತರ್ತೀನಿ ಅಂದಿದ್ದ. ಅಕ್ಕ ಒಳಗೆ ಅಳ್ತಿದ್ರೆ ನಾನು ಹೊರಗೆ ತಂತಿಗೆ ಕಾಯ್ತಿದ್ದೆ."

ಬಿರಡೆ ಕಿರ್ರೆಂದು ಜಾರಿತು. ಅವಳು ಮತ್ತೆ ಸುಣ್ಣ ಸವರಿದಳು. ಈಗ ಯಾರೂ ನಗುತ್ತಿರಲಿಲ್ಲ.

"ಹೇಳ್ಕೊಳ್ಳೋಕೆ ನಾಚಿಕೆ ಆಯ್ತು. ಅದಕ್ಕೆ ನನ್ನ ಕಾಯುವಿಕೆಯನ್ನ ಅವಳ ಹೆಗಲಿಗೆ ಹಾಕಿದೆ. ನನ್ನದೆಲ್ಲಾ ಅವಳೇ ಹೊತ್ತಿದಾಳೆ, ಇದೊಂದು ಹೆಚ್ಚಾದೀತಾ ಅಂದ್ಕೊಂಡೆ. ಹೆಚ್ಚಾಯ್ತು. ಅವಳು ಯಾವತ್ತೋ ಆ ಬಾಗಿಲು ಬಿಟ್ಟು ಒಳಗೆ ಹೋಗಿದಾಳೆ. ದಯವಿಟ್ಟು ಯಾರೂ ಅವಳ ಅಂಗಡೀಲಿ ಅಳಬೇಡಿ. ಬಟ್ಟೆ ಒದ್ದೆಯಾಗುತ್ತೆ."

ಒಂದು ಅಯ್ಯೋ ಕೂಡ ಬರಲಿಲ್ಲ. ಅವಳು ಹಾಡಿದಳು. ಎರಡನೇ ಚರಣದಲ್ಲಿ ದಪ್ಪ ತಂತಿ ಪೂರಾ ಸಡಿಲವಾಗಿ ಗುಂಯ್ ಎನ್ನುವುದು ನಿಂತುಹೋಯಿತು. ಉಳಿದದ್ದನ್ನು ಬರೀ ದನಿಯಲ್ಲೇ ಹಾಡಿದಳು. ಚಪ್ಪಾಳೆ ತಡವಾಗಿ, ಅನುಮಾನಿಸುತ್ತ ಬಂತು. ವೇದಿಕೆಯ ಹಿಂದೆ ಸಂಘಟಕರು, "ಚೆನ್ನಾಗಿತ್ತು, ಆದರೆ ಆ ಹಳೇ ಕತೆನೇ…" ಎಂದು ರಾಗ ಎಳೆದು ಹೋದರು. ಮುಂದಿನ ವರ್ಷದ ಮಾತು ಎತ್ತಲಿಲ್ಲ.

ಬಟ್ಟೆ ಬದಲಾಯಿಸುವ ಕೋಣೆಗೆ ಅಕ್ಕ ಬಂದಳು. ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಎಷ್ಟು ದಿನ ನಿಂತಿದ್ದೆ?"

"ರಜೆ ಮುಗಿಯೋವರೆಗೂ."

"ಗಾಳಿಗೆ ನಿಂತಿದೀಯ ಅಂದ್ಕೊಂಡಿದ್ದೆ. ಬಿಸಿಲಿಗೆ ಮುಖ ಕಪ್ಪಾಗುತ್ತೆ ಒಳಗೆ ಬಾ ಅಂತ ಬೈತಿದ್ದೆ." ಅಕ್ಕ ಕೈಚೀಲವನ್ನು ಕುರ್ಚಿಯ ಮೇಲಿಟ್ಟಳು. "ತಂತಿ ಬೇಕು ಅಂತ ನನ್ನನ್ನ ಕೇಳಬಾರದಿತ್ತಾ?"

"ನೀನು ಅಳ್ತಿದ್ದೆ."

ಅಕ್ಕ ಮುಖ ಆ ಕಡೆ ತಿರುಗಿಸಿಕೊಂಡಳು. ಇಪ್ಪತ್ತಾರು ವರ್ಷದ ಕೆಳಗೆ ಮೂರು ದಿನ ಅತ್ತವಳು ಮತ್ತೆ ಅತ್ತದ್ದನ್ನು ತಂಗಿ ನೋಡಿದ್ದು ಆವತ್ತೇ. ಆಮೇಲೆ ಮೂಗೊರೆಸಿಕೊಂಡು, "ನಿನ್ನನ್ನ ಸುಳ್ಳಿ ಅಂತ ನಾನು ಒಬ್ಬರ ಮುಂದೂ ಹೇಳಲಿಲ್ಲ. ನೀನೇ ನಾನೂರು ಜನದ ಮುಂದೆ ಹೇಳ್ಕೊಂಡೆಯಲ್ಲೇ ಕತ್ತೆ," ಅಂದಳು. ಪಿಟೀಲಿನ ಕಡೆ ಬೆರಳು ತೋರಿಸಿದಳು. "ಮೊದಲು ಆ ಬಿರಡೆ ಸರಿ ಮಾಡಿಸು. ನಿನಗೆ ಎರಡೂವರೆ ನಿಮಿಷ ಕೊಟ್ರೆ ಮನೆ ಮುಳುಗಿಸ್ತೀಯ."

ಜೀರುಂಡೆ ಸೋಮವಾರವೇ ಬಿರಡೆ ಬದಲಾಯಿಸಿದಳು. ಸದ್ದು ಏನೂ ಕೆಡಲಿಲ್ಲ.

ಸೋಮವಾರ ಗಡಿಯಾರದವರು ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಅವರು ಸಭಾಂಗಣಕ್ಕೆ ಬಂದಿದ್ದರೋ ಇಲ್ಲವೋ ಇಬ್ಬರಿಗೂ ಗೊತ್ತಿರಲಿಲ್ಲ, ಕೇಳಲು ಅಕ್ಕ ಬಿಡಲಿಲ್ಲ. ಶನಿವಾರ ಗಂಟು ಬರುವ ದಿನ. ಜೀರುಂಡೆ ಮೂಲೆಯಲ್ಲಿ ಕೂತು ಕೋಟುಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಹನ್ನೊಂದಾಯಿತು, ಹನ್ನೆರಡಾಯಿತು, ಗಂಟು ಬರಲಿಲ್ಲ. ಅಕ್ಕ ಮೂರು ಸಲ ಬಾಗಿಲ ಹತ್ತಿರ ಹೋಗಿ ಬಂದಳು. ನಾಲ್ಕನೇ ಸಲ ಹೋದವಳು ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನಿಂತಳು. ಕೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆ ಇತ್ತು.

ಜೀರುಂಡೆ ತಲೆಯೆತ್ತಿ ನೋಡಿದಳು. ತಾನು ಎಂಟು ವರ್ಷ ಊರೂರಿಗೆ ಹೇಳಿದ ಅಕ್ಕ ಹಾಗೇ ಎದುರಿಗೆ ನಿಂತಿದ್ದಳು. ಏನೋ ಅನ್ನಲು ಬಾಯಿ ತೆಗೆದು, ಮುಚ್ಚಿಕೊಂಡು, ಸೂಜಿಗೆ ದಾರ ಪೋಣಿಸಿದಳು.

"ಗಿರಾಕಿ ಯಾರಾದ್ರೂ ಬಂದ್ರಾ ಅಂತ ನೋಡ್ತಿದೀನಿ ಅಷ್ಟೇ," ಅಂದಳು ಅಕ್ಕ, ತಿರುಗದೆಯೇ.

"ನಾನೇನು ಕೇಳಿದೆನಾ?"

ಎದುರು ಅಂಗಡಿಯ ಬಾಗಿಲು ತೆರೆಯಿತು. ಅಕ್ಕ ಸರಸರನೆ ಒಳಗೆ ಬಂದು ಕಟ್ಟೆಯ ಹಿಂದೆ ನಿಂತು, ಯಾರದೋ ಪ್ಯಾಂಟನ್ನು ಹರವಿಕೊಂಡಳು. ಹನ್ನೆರಡು ಹೆಜ್ಜೆಗಳು ಕೇಳಿಸಿದವು. ಗಡಿಯಾರದವರು ಒಳಗೆ ಬಂದರು. ಅವರ ಕೈಯಲ್ಲಿ ಗಂಟು ಇರಲಿಲ್ಲ, ಒಂದೇ ಒಂದು ಅಂಗಿ ಇತ್ತು. ಅದನ್ನು ಕಟ್ಟೆಯ ಮೇಲೆ ಇಟ್ಟರು.

ಅಕ್ಕ ಅದನ್ನು ಬಿಡಿಸಿ ನೋಡಿದಳು. ಹೋದ ವಾರ ಅವಳೇ ಇಸ್ತ್ರಿ ಮಾಡಿ ಕೊಟ್ಟ ಅಂಗಿ. ಚೀಟಿ ಕೂಡ ತೆಗೆದಿರಲಿಲ್ಲ, ಒಂದು ಮಡಿಕೆಯೂ ಮುರಿದಿರಲಿಲ್ಲ.

"ಇದಕ್ಕೆ ಇಸ್ತ್ರಿ ಆಗಿದೆಯಲ್ರೀ," ಅಂದಳು.

"ಆಗಿದೆ," ಅಂದರು ಅವರು. ಮೂಲೆಯ ಸ್ಟೂಲನ್ನು ಎಳೆದುಕೊಂಡು ಕೂತರು. "ಅವಸರ ಏನಿಲ್ಲ, ನಿಧಾನವಾಗಿ ಮಾಡಿ."

ಅಕ್ಕ ತಂಗಿಯ ಕಡೆ ಒಂದು ಸಲ ಕಣ್ಣು ಬಿಟ್ಟಳು. ಇದನ್ನ ಎಲ್ಲಾದರೂ ಹೇಳಿದರೆ ನೋಡು ಎಂಬ ಕಣ್ಣು. ಆಮೇಲೆ ಆ ಅಂಗಿಯ ಮೇಲೆ ನೀರು ಚಿಮುಕಿಸಿ, ಕಾಲರಿನಿಂದ ಶುರು ಮಾಡಿದಳು.